ಕಂಪನಿ ಕಂಪ್ಯೂಟರೋ, ಅಸೆಂಬಲ್ಡೋ: ಮದುವೆ ವಿಡಿಯೊ ಮಾಡುವ ಸ್ಟುಡಿಯೊಗೆ ಯಾವುದು ಸರಿ?

ಪ್ರಶ್ನೆ: ತಿಪಟೂರಿನಲ್ಲಿ ಹದಿನಾಲ್ಕು ವರ್ಷಗಳಿಂದ ಫೋಟೊ ಸ್ಟುಡಿಯೊ ನಡೆಸುತ್ತಿದ್ದೇನೆ. ಮದುವೆ, ಗೃಹಪ್ರವೇಶ, ನಾಮಕರಣಗಳ ಫೋಟೊ ಮತ್ತು ವಿಡಿಯೊ ನಮ್ಮ ಕಸುಬು. ಈಗಿರುವ ಕಂಪ್ಯೂಟರ್ 2017ರಲ್ಲಿ ಬಿಡಿಭಾಗ ಕೊಂಡು ಅಸೆಂಬಲ್ ಮಾಡಿಸಿದ್ದು, ಇಂಟೆಲ್ ಏಳನೇ ತಲೆಮಾರಿನ ಪ್ರೊಸೆಸರ್. 2021ರಲ್ಲಿ ಅದರ ವಿದ್ಯುತ್ ಪೂರೈಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಸುಟ್ಟುಹೋಯಿತು. ಜೊತೆಗೆ ಮದರ್‌ಬೋರ್ಡ್ ಮತ್ತು ಒಂದು ಹಾರ್ಡ್ ಡಿಸ್ಕ್ ಕೂಡ ಹೋದವು. ಒಂದು ಮದುವೆಯ ಫೋಟೊಗಳೆಲ್ಲ ಅದರಲ್ಲಿದ್ದವು. ಆ ಮನೆಯವರು ಎದುರು ಸಿಕ್ಕರೆ ಇಂದಿಗೂ ಮುಖ ತಗ್ಗಿಸುತ್ತೇನೆ. ಕಳೆದ ವರ್ಷ ಹೊಸ ಕ್ಯಾಮೆರಾ ಕೊಂಡೆ. ಅದರ ಎಚ್.265, 10 ಬಿಟ್, 4:2:2 ವಿಡಿಯೊವನ್ನು ಪ್ರೀಮಿಯರ್ ಪ್ರೊ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ತೆರೆದರೆ ತಡೆತಡೆದು ಓಡುತ್ತದೆ. ಹೊಸ ಕಂಪ್ಯೂಟರಿಗೆ ಎರಡು ಕೊಟೇಷನ್ ತರಿಸಿದ್ದೇನೆ, ಎರಡೂ ಹೆಚ್ಚುಕಡಿಮೆ ಒಂದೇ ಮೊತ್ತ. ಒಂದು ಹೆಸರಾಂತ ಕಂಪನಿಯ ಟವರ್: ಐ5 14400 ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಕಾರ್ಡ್, ವಿಂಡೋಸ್, ಮೂರು ವರ್ಷ ಆನ್‌ಸೈಟ್ ವಾರಂಟಿ. ಇನ್ನೊಂದು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯದು: ಐ5 14400ಎಫ್, 32 ಜಿಬಿ ರ‍್ಯಾಮ್, 1 ಟಿಬಿ ಎಸ್‌ಎಸ್‌ಡಿ, ಆರ್‌ಟಿಎಕ್ಸ್ 4060, '650 ವಾಟ್ ಎಸ್‌ಎಂಪಿಎಸ್'. ಬಿಲ್ ಬೇಡವೆಂದರೆ ಇನ್ನಷ್ಟು ಕಡಿಮೆ ಮಾಡುತ್ತಾರಂತೆ. ತುಮಕೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ, 'ಅಂಗಡಿಯೂ ಬೇಡ ಮಾವ, ಬಿಡಿಭಾಗ ತರಿಸಿ, ನಾನೇ ಜೋಡಿಸುತ್ತೇನೆ' ಎನ್ನುತ್ತಾನೆ. ಅಸೆಂಬಲ್ಡ್ ಎಂದರೆ ಮನೆಯಾಕೆ ಹೆದರುತ್ತಾಳೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿರುವುದು ಯಾವುದನ್ನು ಕೊಳ್ಳಲಿ ಎಂದು. ಆದರೆ ಪತ್ರದ ಉದ್ದಕ್ಕೂ ಇರುವುದು 2021ರಲ್ಲಿ ಕಳೆದುಹೋದ ಆ ಮದುವೆಯ ಫೋಟೊಗಳ ಸಂಕಟ. ಆದ್ದರಿಂದ ಅಲ್ಲಿಂದಲೇ ಶುರುಮಾಡುತ್ತೇನೆ. ಅಂದು ಏನಾಯಿತೆಂಬುದು ತಿಳಿಯದೆ ಹೊಸದನ್ನು ಕೊಂಡರೆ, ಯಾವುದನ್ನು ಕೊಂಡರೂ ಆ ಅಂಜಿಕೆ ನಿಮ್ಮ ಜೊತೆಗೇ ಬರುತ್ತದೆ.

ಎಸ್‌ಎಂಪಿಎಸ್ ಮಾಡುವ ಕೆಲಸ ಇಷ್ಟು: ಗೋಡೆಯಿಂದ ಬರುವ 230 ವೋಲ್ಟ್ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟ್‌ಗಳಿಗೆ ಇಳಿಸಿ ಒಳಗಿನ ಭಾಗಗಳಿಗೆ ಹಂಚುವುದು. ಒಳ್ಳೆಯ ಎಸ್‌ಎಂಪಿಎಸ್ ಕೆಡುವಾಗಲೂ ಒಂದು ಮರ್ಯಾದೆ ಉಳಿಸಿಕೊಂಡಿರುತ್ತದೆ. ವೋಲ್ಟೇಜ್ ಮಿತಿ ಮೀರಿದ ಕ್ಷಣದಲ್ಲೇ ತಾನಾಗಿ ಬಂದ್ ಆಗುತ್ತದೆ, ಸತ್ತರೆ ತಾನೊಂದೇ ಸಾಯುತ್ತದೆ. ಕಳಪೆಯದರಲ್ಲಿ ಆ ರಕ್ಷಣೆಯ ಸರ್ಕ್ಯೂಟ್ ಇರುವುದಿಲ್ಲ, ಇದ್ದರೂ ಹೆಸರಿಗೆ ಮಾತ್ರ. ಅದು ಕೆಟ್ಟಾಗ 12 ವೋಲ್ಟ್ ಹೋಗಬೇಕಾದ ತಂತಿಯಲ್ಲಿ ಅದಕ್ಕಿಂತ ಬಹಳ ಹೆಚ್ಚು ಹರಿಯುತ್ತದೆ. ಆ ತಂತಿಯ ತುದಿಯಲ್ಲಿರುವುದು ಮದರ್‌ಬೋರ್ಡ್ ಮತ್ತು ಹಾರ್ಡ್ ಡಿಸ್ಕ್. ನಿಮ್ಮಲ್ಲಿ ಮೂರೂ ಒಟ್ಟಿಗೆ ಹೋಗಿವೆ ಎಂದರೆ ನಡೆದದ್ದು ಬಹುತೇಕ ಇದೇ. ಇದರಲ್ಲಿ ಅಸೆಂಬಲ್ ಮಾಡಿದ್ದರ ತಪ್ಪೇನೂ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಇಂಥ ಕಡೆ ಎಸ್‌ಎಂಪಿಎಸ್‌ನ ಪಾಪವನ್ನು ಜನ ಇಡೀ ಅಸೆಂಬಲ್ಡ್ ಜಾತಿಯ ಮೇಲೆ ಹೊರಿಸುತ್ತಾರೆ.

ಇಪ್ಪತ್ತೆರಡು ವರ್ಷಗಳಿಂದ ರಿಪೇರಿ ಬೆಂಚಿನ ಮುಂದೆ ಕುಳಿತಿದ್ದೇನೆ. ಸುಟ್ಟು ಬಂದ ಕ್ಯಾಬಿನೆಟ್‌ಗಳಲ್ಲಿ ನಾನು ಮತ್ತೆ ಮತ್ತೆ ಕಂಡದ್ದು ಒಂದೇ ಬಗೆಯ ಪೆಟ್ಟಿಗೆ: ಕೈಗೆತ್ತಿಕೊಂಡರೆ ಹಗುರ, ತಂತಿಗಳು ಸಣಕಲು, ಮೇಲೆ ದೊಡ್ಡ ಅಕ್ಷರದಲ್ಲಿ ವಾಟ್‌ಗಳ ಸಂಖ್ಯೆ. ಬಿಚ್ಚಿದರೆ ಒಳಗೆ ತಲೆ ಉಬ್ಬಿದ ಕೆಪಾಸಿಟರ್‌ಗಳು, ಫಿಲ್ಟರ್ ಭಾಗಗಳು ಇರಬೇಕಾದ ಜಾಗದಲ್ಲಿ ಬರೀ ತಂತಿಯ ತುಂಡು. ಒಂದೆರಡರಲ್ಲಿ ಬೆಚ್ಚಗಿರುತ್ತದೆಂದು ಒಳಹೊಕ್ಕ ಹಲ್ಲಿ ಬಿಡಿಭಾಗದ ಎರಡು ಲೋಹದ ಕಾಲುಗಳ ನಡುವೆ ಅಂಟಿಕೊಂಡು ಸತ್ತಿತ್ತು. ಹಲ್ಲಿಯ ವಿಚಾರ ಬೇರೆ, ಅದು ಯಾರ ಮನೆಯನ್ನೂ ಬಿಡುವುದಿಲ್ಲ. ಉಳಿದದ್ದನ್ನು ಮಾತ್ರ ಅಂಗಡಿಯಲ್ಲೇ ಕಂಡುಹಿಡಿಯಬಹುದು. ಎಸ್‌ಎಂಪಿಎಸ್‌ನ ಪಕ್ಕದ ಚೀಟಿಯಲ್ಲಿ 12 ವೋಲ್ಟ್‌ನ ಕೆಳಗೆ ಎಷ್ಟು ಆಂಪಿಯರ್ ಎಂದು ಬರೆದಿದೆ ನೋಡಿ. ನಿಜವಾದ 650 ವಾಟ್‌ನದರಲ್ಲಿ ಅದು 54 ಆಂಪಿಯರ್‌ನ ಆಸುಪಾಸು ಇರುತ್ತದೆ, 12ರಿಂದ ಗುಣಿಸಿದರೆ ಸುಮಾರು 648. ಚೀಟಿಯಲ್ಲಿ 25 ಎಂದಿದ್ದರೆ ಅದು ನಿಮಗೆ ಕೊಡುವುದು 300 ವಾಟ್ ಮಾತ್ರ, ಪೆಟ್ಟಿಗೆಯ ಮೇಲೆ ಏನು ಬರೆದಿದ್ದರೂ ಸರಿ. ಇಂದಿನ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ನಡೆಯುವುದು ಈ 12 ವೋಲ್ಟ್‌ನ ಮೇಲೆಯೇ. '80 ಪ್ಲಸ್' ಎಂಬ ಮುದ್ರೆಯನ್ನು ತೋರಿಸಿ ಇದೇ ಗುಣಮಟ್ಟ ಎಂದರೆ ಅದೂ ಅರ್ಧ ಮಾತು. ಆ ಮುದ್ರೆ ಹೇಳುವುದು ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂಬುದನ್ನು, ಎಷ್ಟು ಕಾಲ ಬಾಳುತ್ತದೆ ಎಂಬುದನ್ನಲ್ಲ. ನಿಮ್ಮ ಕೊಟೇಷನ್‌ನಲ್ಲಿ ಪ್ರೊಸೆಸರ್‌ಗೆ ಹೆಸರಿದೆ, ಗ್ರಾಫಿಕ್ಸ್ ಕಾರ್ಡಿಗೆ ಹೆಸರಿದೆ, ಎಸ್‌ಎಂಪಿಎಸ್‌ಗೆ ಮಾತ್ರ ಬರೀ ವಾಟ್. ಅದನ್ನು ಕಂಡಾಗಲೇ ಆ ಕೊಟೇಷನ್ ನನಗೆ ಹಿಡಿಸಲಿಲ್ಲ.

ಇನ್ನೊಂದು ಅನುಮಾನ, ಕಂಪ್ಯೂಟರ್ ಕೊಳ್ಳುವ ಮೊದಲೇ ನೀವು ಪರೀಕ್ಷಿಸಬೇಕಾದದ್ದು. ಬರಿಗಾಲಲ್ಲಿ ನಿಂತು ಈಗಿನ ಕ್ಯಾಬಿನೆಟ್ಟಿನ ಲೋಹದ ಭಾಗ ಮುಟ್ಟಿದಾಗ ಎಂದಾದರೂ ಜುಮ್ ಎಂದಿದೆಯೇ? ಎಂದಿದ್ದರೆ ನಿಮ್ಮ ಅಂಗಡಿಯ ಪ್ಲಗ್ಗಿಗೆ ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್ ಒಳಗೆ ವಿದ್ಯುತ್ತಿನ ಕೊಳೆಯನ್ನು ಸೋಸಿ ಅರ್ಥ್‌ಗೆ ಹರಿಸುವ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಹರಿಯಲು ಅರ್ಥ್ ಸಿಗದಿದ್ದರೆ ಆ ಸೋರಿಕೆ ಕ್ಯಾಬಿನೆಟ್ಟಿನ ಮೈಮೇಲೆ ನಿಲ್ಲುತ್ತದೆ. ಮುಟ್ಟಿದವರ ಜೀವ ತೆಗೆಯುವಷ್ಟು ಕರೆಂಟ್ ಅಲ್ಲ, ಆದರೆ ಯುಎಸ್‌ಬಿಯಲ್ಲಿ ಚುಚ್ಚಿದ ಡಿಸ್ಕಿಗೆ, ಕಾರ್ಡ್ ರೀಡರಿಗೆ ಅದರಿಂದ ಒಳ್ಳೆಯದಂತೂ ಆಗದು. ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮೀಟರ್ ಹಿಡಿಸಿ. ಎರಡು ಮೂರು ವೋಲ್ಟ್‌ಗಿಂತ ಹೆಚ್ಚು ಕಂಡರೆ ಮೊದಲು ಅದನ್ನು ಸರಿಪಡಿಸಿ. ಕಂಪನಿ ಕಂಪ್ಯೂಟರಿಗೂ ಅಸೆಂಬಲ್ಡ್‌ಗೂ ಬೇಕಾಗುವ ಭೂಮಿ ಒಂದೇ.

ಇನ್ನು ಕಂಪನಿಯದೆಂದರೆ ಒಳಗಿನ ಸಾಮಾನೇ ಬೇರೆ, ಬಾಳಿಕೆಯೇ ಬೇರೆ ಎಂಬ ನಂಬಿಕೆ. ಪ್ರೊಸೆಸರ್ ಎರಡರಲ್ಲೂ ಇಂಟೆಲ್ ಅಥವಾ ಎಎಂಡಿಯದೇ. ರ‍್ಯಾಮಿನ ಮೇಲೆ ಯಾರ ಹೆಸರಿದ್ದರೂ ಅದರೊಳಗಿನ ಚಿಪ್ಪುಗಳ ಬಹುಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳಿಂದ ಬರುತ್ತದೆ. 1981ರಲ್ಲಿ ಐಬಿಎಂ ತನ್ನ ಪಿಸಿಯನ್ನು ಮಾರುಕಟ್ಟೆಯಲ್ಲಿ ಸಿಗುವ ಬಿಡಿಭಾಗಗಳಿಂದಲೇ ಕಟ್ಟಿತು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆಯ ಮಾನದಂಡ ತಂದಿತು: ಮದರ್‌ಬೋರ್ಡಿನ ತೂತುಗಳು ಎಲ್ಲಿರಬೇಕು, ಎಸ್‌ಎಂಪಿಎಸ್ ಎಷ್ಟು ದೊಡ್ಡದಿರಬೇಕು, ಅದರ ಪ್ಲಗ್ ಹೇಗಿರಬೇಕು ಎಂದೆಲ್ಲ. ಒಬ್ಬರು ಮಾಡಿದ ಬೋರ್ಡ್ ಇನ್ನೊಬ್ಬರ ಕ್ಯಾಬಿನೆಟ್ಟಿನಲ್ಲಿ ಕೂರುವುದು ಅದರಿಂದಲೇ. ಎಸ್.ಪಿ. ರಸ್ತೆಯ ಇಡೀ ವ್ಯಾಪಾರ ನಿಂತಿರುವುದೂ ಆ ಅಳತೆಯ ಮೇಲೆ.

ದೊಡ್ಡ ಕಂಪನಿಗಳು ಮಾತ್ರ ತಮ್ಮ ಹಲವು ಮಾದರಿಗಳಲ್ಲಿ ಆ ಅಳತೆಯನ್ನು ಬಿಟ್ಟುಬಿಟ್ಟಿವೆ. ಮದರ್‌ಬೋರ್ಡ್ ಅವರದೇ ಆಕಾರ, ಎಸ್‌ಎಂಪಿಎಸ್ ಅವರದೇ ಗಾತ್ರ, ಪ್ಲಗ್ಗಿನ ಪಿನ್ನುಗಳೂ ಅವರದೇ ಜೋಡಣೆ. ಲಕ್ಷಗಟ್ಟಲೆ ಯಂತ್ರ ಮಾಡುವವರಿಗೆ ಅದರಿಂದ ಖರ್ಚು ಉಳಿಯುತ್ತದೆ, ಪೆಟ್ಟಿಗೆ ಚಿಕ್ಕದಾಗುತ್ತದೆ. ತೊಂದರೆ ಬರುವುದು ಕೆಟ್ಟಾಗ. ಮೂರು ವರ್ಷಗಳ ಹಿಂದಿನ ವೈಶಾಖದಲ್ಲಿ ನಿಮ್ಮದೇ ಕಸುಬಿನವರೊಬ್ಬರು ಕಾರಿನ ಹಿಂದಿನ ಸೀಟಿನಲ್ಲಿ ಕಂಪನಿ ಟವರನ್ನು ಮಗುವಿನಂತೆ ಬೆಲ್ಟ್ ಹಾಕಿ ಕೂರಿಸಿಕೊಂಡು ಬಂದಿದ್ದರು. ವಾರಂಟಿ ಮುಗಿದು ಎರಡು ತಿಂಗಳಾಗಿತ್ತು. ಹೋಗಿದ್ದದ್ದು ಎಸ್‌ಎಂಪಿಎಸ್ ಒಂದೇ. ನನ್ನ ಅಂಗಡಿಯಲ್ಲಿ ಹೊಸ ಎಸ್‌ಎಂಪಿಎಸ್ ಆರು ಇದ್ದವು, ಒಂದೂ ಕೂರಲಿಲ್ಲ. ಆ ಕಂಪನಿಯ ಭಾಗ ಬರಲು ಹನ್ನೊಂದು ದಿನ ಹಿಡಿಯಿತು. ಅಷ್ಟರಲ್ಲಿ ಎರಡು ಮದುವೆಗಳ ಆಲ್ಬಂ ತಡವಾಯಿತು. ಮಾಮೂಲಿ ಅಳತೆಯ ಯಂತ್ರವಾಗಿದ್ದರೆ ಅಂದು ಸಂಜೆಯೇ ಅವರು ಮನೆಗೆ ಹೋಗುತ್ತಿದ್ದರು.

ಇದನ್ನು ಹೇಳಿದ ಮಾತ್ರಕ್ಕೆ ಕಂಪನಿ ಕಂಪ್ಯೂಟರನ್ನು ತೆಗಳುತ್ತಿದ್ದೇನೆ ಎಂದುಕೊಳ್ಳಬೇಡಿ. ಸಹಕಾರ ಸಂಘದವರು, ಶಾಲೆಯವರು, ಲೆಕ್ಕಪರಿಶೋಧಕರು ಕೇಳಿದಾಗ ನಾನು ಕಂಪನಿಯದನ್ನೇ ಕೊಳ್ಳಿ ಎನ್ನುತ್ತೇನೆ. ಎಲ್ಲ ಭಾಗಗಳನ್ನೂ ಒಟ್ಟಿಗೆ ಪರೀಕ್ಷಿಸಿಯೇ ಅದು ಹೊರಬಂದಿರುತ್ತದೆ. ಅಸಲಿ ವಿಂಡೋಸ್ ಇರುತ್ತದೆ. ಒಂದು ಬಿಲ್, ಒಂದು ಫೋನ್ ನಂಬರ್, ಎಂಜಿನಿಯರ್ ಬಾಗಿಲಿಗೇ ಬರುತ್ತಾರೆ. ಟ್ಯಾಲಿ, ಬ್ರೌಸರ್, ನುಡಿ, ಪ್ರಿಂಟರ್ ಇಷ್ಟೇ ಇರುವ ಕಡೆ ಇದಕ್ಕಿಂತ ನೆಮ್ಮದಿಯ ವ್ಯವಸ್ಥೆ ಇಲ್ಲ. ಮೂರು ವರ್ಷದ ಆನ್‌ಸೈಟ್ ವಾರಂಟಿ ಇರುವಷ್ಟು ದಿನ ಅದು ನಿಜವಾದ ಬೆಲೆಯುಳ್ಳ ವಸ್ತು. ಆದರೆ ಕೊಳ್ಳುವ ಮೊದಲು ತಿಪಟೂರಿನ ಪಿನ್‌ಕೋಡ್ ಕೊಟ್ಟು, ಅಲ್ಲಿಗೆ ಎಂಜಿನಿಯರ್ ಎಷ್ಟು ದಿನದಲ್ಲಿ ಬರುತ್ತಾರೆ ಎಂದು ಕಂಪನಿಯವರಿಂದಲೇ ಬರಹದಲ್ಲಿ ಪಡೆಯಿರಿ. ಬೆಂಗಳೂರಿಗೆ ಹೇಳುವ 'ಮರುದಿನ' ನಿಮ್ಮ ಊರಿಗೂ ಅನ್ವಯಿಸುತ್ತದೆ ಎಂದು ಊಹಿಸಿಕೊಳ್ಳಬಾರದು. ಮತ್ತೊಂದು ಮಾತು: ಡಿಸ್ಕ್ ಹೋದರೆ ಕಂಪನಿ ಹೊಸ ಡಿಸ್ಕ್ ಕೊಡುತ್ತದೆ, ಅದರಲ್ಲಿದ್ದ ಮದುವೆಯನ್ನು ಕೊಡುವುದಿಲ್ಲ.

ಅಸೆಂಬಲ್ಡ್ ಯಾವಾಗಲೂ ಅಗ್ಗ ಎಂಬ ಮಾತೂ ಈಗ ಹಾಗೆ ನಿಲ್ಲುವುದಿಲ್ಲ. 2020-21ರಲ್ಲಿ ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಬರ ಬಂದಾಗ ಕಂಪನಿ ಕಂಪ್ಯೂಟರ್ ಕೊಂಡವರೇ ಲಾಭ ಮಾಡಿಕೊಂಡರು. 2025ರ ಕೊನೆಯ ತಿಂಗಳುಗಳಿಂದ ಅದೇ ಕಥೆ ರ‍್ಯಾಮಿನದಾಗಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದರಿಂದ ಬಿಡಿ ರ‍್ಯಾಮಿನ ಬೆಲೆ ಏರಿತು. ಮೈಕ್ರಾನ್ ಕಂಪನಿಯಂತೂ ಸಾಮಾನ್ಯ ಗ್ರಾಹಕರಿಗೆ ಕ್ರೂಷಿಯಲ್ ಹೆಸರಿನಲ್ಲಿ ಮಾರುತ್ತಿದ್ದ ರ‍್ಯಾಮ್, ಎಸ್‌ಎಸ್‌ಡಿಗಳ ವ್ಯಾಪಾರದಿಂದಲೇ ಹಿಂದೆ ಸರಿಯುವುದಾಗಿ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಚಿಲ್ಲರೆ ಅಂಗಡಿಯವನು ಇಂದಿನ ಬೆಲೆಗೆ ಕೊಂಡು ಇಂದು ಮಾರುತ್ತಾನೆ. ದೊಡ್ಡ ಕಂಪನಿಗಳು ಸಗಟಾಗಿ, ಮೊದಲೇ ಒಪ್ಪಂದ ಮಾಡಿಕೊಂಡು ಕೊಳ್ಳುತ್ತವೆ. ಆದ್ದರಿಂದ ಕೊಟೇಷನ್ ಒಂದು ವಾರ ಹಳೆಯದಾದರೂ ಮತ್ತೆ ಕೇಳಿ ಖಚಿತಪಡಿಸಿಕೊಳ್ಳಿ.

ಈಗ ನಿಮ್ಮ ಎರಡು ಕೊಟೇಷನ್‌ಗಳಿಗೆ ಬರುತ್ತೇನೆ. ಇವುಗಳಲ್ಲಿ ಒಂದೇ ಒಂದು ಅಕ್ಷರದಲ್ಲಿ ನಿಮ್ಮ ಕೆಲಸದ ಹಣೆಬರಹವಿದೆ.

ಅಂಗಡಿಯವರು ಬರೆದಿರುವುದು 14400ಎಫ್. ಕಂಪನಿಯವರು ಬರೆದಿರುವುದು 14400. ಎರಡೂ ಒಂದೇ ಪ್ರೊಸೆಸರ್, ಎಫ್ ಇದ್ದರೆ ಒಳಗಿನ ಗ್ರಾಫಿಕ್ಸ್ ಭಾಗ ಇರುವುದಿಲ್ಲ, ಅಷ್ಟೇ ವ್ಯತ್ಯಾಸ. ಗೇಮ್ ಆಡುವವರಿಗೆ ಅದರಿಂದ ನಷ್ಟವಿಲ್ಲ, ಹೇಗೂ ಬೇರೆ ಗ್ರಾಫಿಕ್ಸ್ ಕಾರ್ಡ್ ಇರುತ್ತದೆ. ಅಂಗಡಿಯವರು ಎಫ್ ಬರೆಯುವುದೂ ಅಭ್ಯಾಸಬಲದಿಂದ, ಸ್ವಲ್ಪ ಹಣ ಉಳಿಯಲಿ ಎಂದು. ಮೋಸವೇನೂ ಅಲ್ಲ. ಆದರೆ ನಿಮ್ಮ ಕ್ಯಾಮೆರಾದ ವಿಡಿಯೊ ಯಾವ ಬಗೆಯದು? ಎಚ್.265, 10 ಬಿಟ್, 4:2:2. ಹೆಚ್ಚು ಬಣ್ಣದ ವಿವರವನ್ನು ಬಿಗಿಯಾಗಿ ಕುಗ್ಗಿಸಿಟ್ಟ ಈ ಬಗೆಯ ಫೈಲನ್ನು ಬಿಡಿಸಿ ಓದುವ ವಿಶೇಷ ಸರ್ಕ್ಯೂಟ್ ಇಂಟೆಲ್‌ನ ಆ ಒಳಗಿನ ಗ್ರಾಫಿಕ್ಸ್ ಭಾಗದಲ್ಲಿದೆ. ಡೆಸ್ಕ್‌ಟಾಪ್‌ನಲ್ಲಿ ಹನ್ನೊಂದನೇ ತಲೆಮಾರಿನಿಂದ ಅದು ಬಂದಿದೆ, ಕ್ವಿಕ್ ಸಿಂಕ್ ಎನ್ನುತ್ತಾರೆ, ಪ್ರೀಮಿಯರ್ ಪ್ರೊ ಅದನ್ನು ಬಳಸಿಕೊಳ್ಳುತ್ತದೆ. ಎನ್‌ವಿಡಿಯಾದ 3050ರಲ್ಲಾಗಲಿ 4060ರಲ್ಲಾಗಲಿ 4:2:2 ಓದುವ ಸರ್ಕ್ಯೂಟ್ ಇಲ್ಲ. 2025ರಲ್ಲಿ ಬಂದ 50ರ ಸಾಲಿನ ಕಾರ್ಡ್‌ಗಳಲ್ಲಷ್ಟೇ ಅವರು ಅದನ್ನು ಸೇರಿಸಿದರು. ಅಂದರೆ, ಎಸ್.ಪಿ. ರಸ್ತೆಯ ಆ ಕೊಟೇಷನ್ ಕಾಗದದ ಮೇಲೆ ಎಷ್ಟೇ ಬಲವಾಗಿ ಕಂಡರೂ, ನಿಮ್ಮ ಫೈಲ್ ತೆರೆದಾಗ ಇಡೀ ಹೊರೆ ಪ್ರೊಸೆಸರಿನ ಹೆಗಲಿಗೇ ಬೀಳುತ್ತದೆ. ಈಗಿನ ಹಾಗೆಯೇ ತಡೆತಡೆದು ಓಡಿದರೆ, ಲಕ್ಷ ರೂಪಾಯಿ ಸುರಿದ ಮೇಲೂ ಹೀಗೇಕೆ ಎಂದು ನೀವು ತಲೆಮೇಲೆ ಕೈ ಹೊತ್ತು ಕೂರುತ್ತೀರಿ. ಕಂಪನಿಯ ಟವರ್ ರ‍್ಯಾಮಿನಲ್ಲೂ ಕಾರ್ಡಿನಲ್ಲೂ ಚಿಕ್ಕದಾದರೂ ಈ ಒಂದು ಕೆಲಸದಲ್ಲಿ ಅದನ್ನು ಹಿಂದಿಕ್ಕುತ್ತದೆ.

ಪರಿಹಾರ ಸುಲಭ. ಎಫ್ ಇಲ್ಲದ 14400 ಹಾಕಿಸಿ. ಇಲ್ಲವೆ ಎಫ್ ಇರಲಿ, ಗ್ರಾಫಿಕ್ಸ್ ಕಾರ್ಡ್ 50ರ ಸಾಲಿನದಾಗಲಿ. ಮೊದಲನೆಯದು ಅಗ್ಗದ ದಾರಿ, ನನ್ನ ಮತ ಅದಕ್ಕೇ. ಒಂದು ಎಚ್ಚರಿಕೆ: ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದ ಕೂಡಲೇ ಕೆಲವು ಮದರ್‌ಬೋರ್ಡ್‌ಗಳು ಒಳಗಿನ ಗ್ರಾಫಿಕ್ಸನ್ನು ಮಲಗಿಸಿಬಿಡುತ್ತವೆ. ಕಂಪ್ಯೂಟರ್ ಶುರುವಾಗುವಾಗಿನ ಮೂಲ ಸೆಟ್ಟಿಂಗ್ ಪುಟ, ಅಂದರೆ ಬಯಾಸ್‌ನಲ್ಲಿ 'ಐಜಿಪಿಯು ಮಲ್ಟಿ ಮಾನಿಟರ್' ಎಂಬ ಆಯ್ಕೆಯನ್ನು ಆನ್ ಮಾಡಿಸಿ, ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಎರಡೂ ಜಿಪಿಯು (ಗ್ರಾಫಿಕ್ಸ್ ಭಾಗಗಳು) ಕಾಣುತ್ತಿವೆಯೇ ಎಂದು ಅಂಗಡಿಯಲ್ಲೇ ನೋಡಿ. ನಿಮ್ಮದೇ ಕ್ಯಾಮೆರಾದ ಒಂದೆರಡು ಫೈಲ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಅಲ್ಲೇ ಓಡಿಸಿ ತೋರಿಸಲು ಹೇಳಿ. ಕಂಪನಿಯದನ್ನೇ ಕೊಳ್ಳುವುದಾದರೂ ಇದನ್ನು ಬಿಡಬೇಡಿ.

ರ‍್ಯಾಮಿನ ವಿಚಾರದಲ್ಲಿ ಕಂಪನಿ ಕೊಟೇಷನ್ ಸೋಲುತ್ತದೆ. 16 ಜಿಬಿ ನಿಮ್ಮ ಕೆಲಸಕ್ಕೆ ಸಾಲದು. ಅದರ ಮೇಲೆ, ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ 16ರ ಒಂದೇ ಕಡ್ಡಿ ಹಾಕಿ ಕಳಿಸುತ್ತಾರೆ. ಎರಡು ಕಡ್ಡಿ ಇದ್ದರೆ ಪ್ರೊಸೆಸರ್ ಎರಡು ದಾರಿಗಳಲ್ಲಿ ಒಟ್ಟಿಗೆ ಮಾಹಿತಿ ಎಳೆದುಕೊಳ್ಳುತ್ತದೆ, ಒಂದೇ ಆದರೆ ಅರ್ಧ ದಾರಿ ಖಾಲಿ. ಎಸ್‌ಎಸ್‌ಡಿ 1 ಟಿಬಿ ಇರಲಿ, ವೇಗದ ಎನ್‌ವಿಎಂಇ ಬಗೆಯದಿರಲಿ. ಅದಕ್ಕಿಂತ ಹೆಚ್ಚು ಅದರ ಬಗ್ಗೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಬಿಲ್ ಬೇಡವೆಂದರೆ ಕಡಿಮೆ ಮಾಡುತ್ತೇನೆ ಎಂದ ಅಂಗಡಿಯವರ ಮಾತಿಗೆ ಖಂಡಿತ ಒಪ್ಪಬೇಡಿ. ಕಂಪ್ಯೂಟರ್ ಭಾಗಗಳ ಮೇಲಿನ ಜಿಎಸ್‌ಟಿ 18%. ಅವರು ಬಿಡುತ್ತೇನೆ ಎನ್ನುವುದು ಆ ಹಣವನ್ನು, ಅದರ ಜೊತೆಗೆ ಬಿಟ್ಟುಹೋಗುವುದು ನಿಮ್ಮ ವಾರಂಟಿ. ಸ್ಟುಡಿಯೊ ಜಿಎಸ್‌ಟಿ ನೋಂದಣಿಯಲ್ಲಿದ್ದರೆ ಆ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹಿಂಪಡೆಯಲೂ ಬಹುದು, ನಿಮ್ಮ ಲೆಕ್ಕದವರನ್ನು ಕೇಳಿ. ಅಸೆಂಬಲ್ಡ್‌ನಲ್ಲಿ ಪ್ರತಿ ಭಾಗಕ್ಕೂ ಅದರದೇ ವಾರಂಟಿ. ಪ್ರೊಸೆಸರ್, ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಸಾಮಾನ್ಯವಾಗಿ ಮೂರು ವರ್ಷ, ಒಳ್ಳೆಯ ಎಸ್‌ಎಸ್‌ಡಿ ಮತ್ತು ಎಸ್‌ಎಂಪಿಎಸ್‌ಗಳಿಗೆ ಐದು ವರ್ಷ ಅಥವಾ ಅದಕ್ಕೂ ಹೆಚ್ಚು. ಕೂಡಿಸಿ ನೋಡಿದರೆ ಕಂಪನಿ ಕಂಪ್ಯೂಟರಿಗಿಂತ ಕಡಿಮೆಯೇನಲ್ಲ. ಆದರೆ ಅದನ್ನು ಪಡೆಯಲು ಬಿಲ್ಲಿನಲ್ಲಿ ಪ್ರತಿ ಭಾಗದ ಹೆಸರು ಮತ್ತು ಸೀರಿಯಲ್ ನಂಬರ್ ಇರಲೇಬೇಕು. ಪ್ರೊಸೆಸರ್ ಡಬ್ಬಿಯಲ್ಲಿ ಬರಲಿ. ಡಬ್ಬಿಯಿಲ್ಲದ 'ಟ್ರೇ' ಪ್ರೊಸೆಸರ್ ಅಗ್ಗ, ಆದರೆ ಅದಕ್ಕೆ ಇಂಟೆಲ್ ನೇರವಾಗಿ ವಾರಂಟಿ ಕೊಡುವುದಿಲ್ಲ, ಅಂಗಡಿಯವನ ಮಾತೇ ವಾರಂಟಿ. ಇನ್ನು ಅಸೆಂಬಲ್ಡ್ ವಾರಂಟಿಯ ನಿಜವಾದ ತೊಡಕು ಕಾಲದ್ದು. ಕೆಟ್ಟ ಭಾಗವನ್ನು ನೀವೇ ಸರ್ವೀಸ್ ಸೆಂಟರಿಗೆ ತಲುಪಿಸಬೇಕು, ಬದಲಿ ಬರಲು ಎರಡು ವಾರವೂ ಆಗಬಹುದು. ಅಷ್ಟು ದಿನ ಯಾವುದು ಕೆಟ್ಟಿದೆ ಎಂದು ಗುರುತಿಸಿ, ತಾತ್ಕಾಲಿಕವಾಗಿ ಒಂದು ಭಾಗ ಕೊಟ್ಟು ಕೆಲಸ ನಡೆಸಿಕೊಡುವ ಮನುಷ್ಯ ನಿಮಗೆ ಹತ್ತಿರದಲ್ಲಿರಬೇಕು.

ವಿಂಡೋಸ್ ಬಗ್ಗೆ ಅಂಗಡಿಯ ಕೊಟೇಷನ್ ಮೌನವಾಗಿದೆ. ಆ ಮೌನಕ್ಕೆ ಅರ್ಥ, ಬಹುತೇಕ ಕದ್ದ ವಿಂಡೋಸ್ ಹಾಕಿಕೊಡುತ್ತಾರೆ ಎಂದೇ. ಅಸಲಿಯದಕ್ಕೆ ಹತ್ತು ಸಾವಿರದ ಹತ್ತಿರ ಬೇಕು, ಅದನ್ನು ಸೇರಿಸಿಯೇ ಎರಡು ಕೊಟೇಷನ್‌ಗಳನ್ನು ಹೋಲಿಸಿ. ಕಂಪನಿ ಯಂತ್ರದೊಂದಿಗೆ ಬರುವ ವಿಂಡೋಸ್ ಅದರ ಮದರ್‌ಬೋರ್ಡಿಗೇ ಅಂಟಿಕೊಂಡದ್ದು, ಬೇರೆಡೆಗೆ ಒಯ್ಯಲಾಗದು. ಬಿಡಿಯಾಗಿ ಕೊಂಡ ರಿಟೇಲ್ ಪ್ರತಿಯನ್ನು ಮುಂದಿನ ಕಂಪ್ಯೂಟರಿಗೂ ವರ್ಗಾಯಿಸಬಹುದು. ಕದ್ದ ವಿಂಡೋಸನ್ನು ಸಕ್ರಿಯಗೊಳಿಸಲು ಬಳಸುವ ಪುಟ್ಟ ತಂತ್ರಾಂಶವಿದೆಯಲ್ಲ, ಅದನ್ನು ಹಾಕುವಾಗ ಆಂಟಿವೈರಸ್ ಬಂದ್ ಮಾಡಿ ಎನ್ನುತ್ತದೆ. ಕಳ್ಳನ ಕೈಗೇ ಕೀಲಿ ಕೊಟ್ಟಂತೆ. ಫೈಲ್‌ಗಳಿಗೆ ಬೀಗ ಹಾಕುವ ವೈರಸ್ ಆಗಲೇ ಒಳನುಗ್ಗಬಹುದು. ಫೋಲ್ಡರ್ ತೆರೆದರೆ ಒಂದೊಂದು ಫೋಟೊದ ಹೆಸರಿನ ಬಾಲದಲ್ಲೂ ಎಂದೂ ಕಾಣದ ಅಕ್ಷರಗಳು, ನಡುವೆ ಹಣ ಕೇಳುವ ಒಂದು ಚೀಟಿ. ಹಾಗೆ ಬೀಗ ಬಿದ್ದ ಸ್ಟುಡಿಯೊ ಕಂಪ್ಯೂಟರ್‌ಗಳು ನನ್ನ ಬೆಂಚಿಗೆ ಬಂದಿವೆ. ಅವುಗಳಿಂದ ಒಂದು ಫೋಟೊವನ್ನೂ ಮರಳಿ ತೆಗೆಯಲು ನನ್ನಿಂದ ಆಗಲಿಲ್ಲ.

ಅಕ್ಕನ ಮಗನ ಉತ್ಸಾಹ ನನಗೆ ಇಷ್ಟವಾಯಿತು. ಕಂಪ್ಯೂಟರ್ ಜೋಡಿಸುವುದು ಬ್ರಹ್ಮವಿದ್ಯೆಯಲ್ಲ, ಒಂದು ಮಧ್ಯಾಹ್ನದ ಕೆಲಸ. ನಾವೇ ಜೋಡಿಸಿದರೆ ವಾರಂಟಿ ಹೋಗುತ್ತದೆ ಎಂಬುದೂ ಸುಳ್ಳು, ಆ ಭಾಗಗಳನ್ನು ಮಾರುವುದೇ ಜೋಡಿಸಲಿಕ್ಕೆ. ಮೈಯಲ್ಲಿನ ಸ್ಥಿರವಿದ್ಯುತ್ತಿಗೆ ಚಿಪ್ ಸಾಯುತ್ತದೆ ಎಂಬ ಹೆದರಿಕೆಯನ್ನೂ ಹಿಗ್ಗಿಸಿ ಹೇಳುತ್ತಾರೆ. ಆಗಾಗ ಕ್ಯಾಬಿನೆಟ್ಟಿನ ಲೋಹ ಮುಟ್ಟಿಕೊಂಡರೆ ಸಾಕು. ನಿಜವಾದ ಅಪಾಯ ಒಂದೇ ಕಡೆ ಇದೆ. ಮದರ್‌ಬೋರ್ಡಿನ ಮೇಲೆ ಪ್ರೊಸೆಸರ್ ಕೂರುವ ಜಾಗದಲ್ಲಿ 1700 ಪಿನ್ನುಗಳಿವೆ, ಕೂದಲಿನಷ್ಟು ತೆಳು. ಪ್ರೊಸೆಸರ್ ಓರೆಯಾಗಿ ಕೈಜಾರಿತೋ, ಪಿನ್ನು ಬಾಗಿತು. ಬಾಗಿದ ಪಿನ್ನಿಗೆ ಕಂಪನಿಗಳು ಸಾಮಾನ್ಯವಾಗಿ ವಾರಂಟಿ ಕೊಡುವುದಿಲ್ಲ. ಹುಡುಗನೊಬ್ಬ ಹೊಸ ಬೋರ್ಡನ್ನು ಟವೆಲಿನಲ್ಲಿ ಸುತ್ತಿ, ಅಳುವುದೊಂದು ಬಾಕಿ ಎನ್ನುವ ಮುಖ ಹೊತ್ತು ನನ್ನ ಬಳಿ ತಂದಿದ್ದ. ಭೂತಗನ್ನಡಿ ಹಿಡಿದು, ಸೀಸ ತೆಗೆದ ಮೆಕ್ಯಾನಿಕಲ್ ಪೆನ್ಸಿಲಿನ ಕೊಳವೆಯನ್ನು ಒಂದೊಂದು ಪಿನ್ನಿಗೂ ತೊಡಿಸಿ ಮೂರನ್ನು ನೇರ ಮಾಡಿದೆ. ಉಸಿರು ಬಿಟ್ಟರೆ ಕೈ ಅಲ್ಲಾಡುತ್ತದೇನೋ ಎಂಬಂತೆ ಇಬ್ಬರೂ ಉಸಿರು ಹಿಡಿದಿದ್ದೆವು. ಅಂದು ಬೋರ್ಡ್ ಬದುಕಿತು. ಎಲ್ಲ ಸಲವೂ ಹಾಗಾಗುವುದಿಲ್ಲ. ನಿಮ್ಮ ಅನ್ನದ ಯಂತ್ರದ ಮೇಲೆ ಅವನು ಮೊದಲ ಪಾಠ ಕಲಿಯುವುದು ಬೇಡ. ಜೋಡಿಸುವ ದಿನ ಅವನನ್ನು ಅಂಗಡಿಯಲ್ಲಿ ಪಕ್ಕಕ್ಕೆ ಕೂರಿಸಿ, ರ‍್ಯಾಮ್, ಎಸ್‌ಎಸ್‌ಡಿ, ತಂತಿಗಳ ಕೆಲಸ ಅವನ ಕೈಯಲ್ಲಿ ಮಾಡಿಸಿ. ಮುಂದೆ ವಿಡಿಯೊ ಅರ್ಧಕ್ಕೆ ನಿಂತ ರಾತ್ರಿ ನೀವು ಮೊದಲು ಫೋನ್ ಮಾಡುವುದು ಅವನಿಗೇ. ಆಗ ಒಳಗೆ ಏನೇನಿದೆ ಎಂದು ಅವನಿಗೆ ಗೊತ್ತಿರಬೇಕು.

ಹಾಗಾದರೆ ನಿಮ್ಮ ಜಾಗದಲ್ಲಿ ನಾನಿದ್ದರೆ? ಅಸೆಂಬಲ್ಡ್‌ನ ಕಡೆಗೇ ಹೋಗುತ್ತಿದ್ದೆ, ಆದರೆ ಆ ಕೊಟೇಷನ್ನಿನಂತೆ ಅಲ್ಲ. ನಿಮ್ಮ ಕೊಟೇಷನ್ ಹಿಡಿದು ತುಮಕೂರಿನಲ್ಲೋ ತಿಪಟೂರಿನಲ್ಲೋ ಕನಿಷ್ಠ ಐದಾರು ವರ್ಷದಿಂದ ಅಂಗಡಿ ನಡೆಸುತ್ತಿರುವ, ರಿಪೇರಿಯನ್ನೂ ಮಾಡುವ ಒಬ್ಬರ ಬಳಿ ಹೋಗಿ. ಎಸ್.ಪಿ. ರಸ್ತೆಗಿಂತ ಒಂದಿಷ್ಟು ಹೆಚ್ಚು ಹೇಳಬಹುದು. ಆ ಹೆಚ್ಚಿನ ಹಣ ನೂರೈವತ್ತು ಕಿಲೊಮೀಟರ್ ಓಡಾಟದ ಬೆಲೆ ಎಂದುಕೊಂಡು ಕೊಡಿ. ಎಫ್ ಇಲ್ಲದ ಪ್ರೊಸೆಸರ್, ಹೆಸರುಳ್ಳ ಕಂಪನಿಯ ಐದು ವರ್ಷ ವಾರಂಟಿಯ 650 ವಾಟ್ ಎಸ್‌ಎಂಪಿಎಸ್, 16ರ ಎರಡು ರ‍್ಯಾಮ್, ಅಸಲಿ ವಿಂಡೋಸ್: ಈ ನಾಲ್ಕರಲ್ಲಿ ಚೌಕಾಸಿ ಬೇಡ. ಹಣ ಹೊಂದಿಸಲು ಗ್ರಾಫಿಕ್ಸ್ ಕಾರ್ಡನ್ನು ಒಂದು ಮೆಟ್ಟಿಲು ಇಳಿಸಿ. ಬಣ್ಣ ಬಣ್ಣದ ದೀಪದ ಫ್ಯಾನು, ಗಾಜಿನ ಕ್ಯಾಬಿನೆಟ್ ಯಾವುದೂ ಬೇಕಾಗಿಲ್ಲ. ಕ್ಯಾಬಿನೆಟ್ಟಿನ ಮುಂಭಾಗದಲ್ಲಿ ಬಿಚ್ಚಿ ತೊಳೆಯಬಹುದಾದ ದೂಳಿನ ಜಾಲರಿ ಮಾತ್ರ ಇರಲಿ. ನಿಮ್ಮದು ಕೊಬ್ಬರಿಯ ಊರು. ಎಣ್ಣೆಯ ಪಸೆ ಹಿಡಿದ ದೂಳು ಫ್ಯಾನಿನ ರೆಕ್ಕೆಗೆ ಅಂಟಿದರೆ ಊದಿದರೂ ಹೋಗುವುದಿಲ್ಲ.

ಇದರ ಅಪಾಯವನ್ನೂ ಹೇಳಬೇಕು. ನೀವು ನೆಚ್ಚುತ್ತಿರುವುದು ಒಬ್ಬ ಅಂಗಡಿಯವರನ್ನು. ಅವರು ಬಾಗಿಲು ಹಾಕಿದರೆ ವಾರಂಟಿಗೆ ನೀವೇ ಅಲೆಯಬೇಕು. ಅಂಥವರು ನಿಮ್ಮ ಸುತ್ತ ಯಾರೂ ಸಿಗದಿದ್ದರೆ, ಅಥವಾ ಕಂಪನಿಯವರು ಎರಡು ದಿನದೊಳಗೆ ತಿಪಟೂರಿಗೆ ಬರುತ್ತೇವೆಂದು ಬರೆದುಕೊಟ್ಟರೆ, ಧೈರ್ಯವಾಗಿ ಕಂಪನಿಯ ಟವರನ್ನೇ ಕೊಳ್ಳಿ. ರ‍್ಯಾಮನ್ನು 32ಕ್ಕೆ ಏರಿಸಿ ಕೊಡಲು ಕೇಳಿ, ನೀವೇ ಹಾಕುವುದಾದರೆ ವಾರಂಟಿಗೆ ಧಕ್ಕೆಯಿಲ್ಲವೇ ಎಂದು ಕೇಳಿ ಇ-ಮೇಲ್‌ನಲ್ಲಿ ಉತ್ತರ ಪಡೆದಿಟ್ಟುಕೊಳ್ಳಿ. ಮೂರು ವರ್ಷ ಮುಗಿಯುವ ಮೊದಲು ವಾರಂಟಿ ವಿಸ್ತರಿಸಿಕೊಳ್ಳಿ. ಆ ಯಂತ್ರದ ವಿಷಯದಲ್ಲಿ ನಾಲ್ಕನೇ ವರ್ಷವೇ ಕಷ್ಟದ ವರ್ಷ.

ಎರಡರಲ್ಲಿ ಯಾವುದನ್ನು ಕೊಂಡರೂ ಯುಪಿಎಸ್ ಹೊಸದು ಬೇಕು. ಹಳೆಯ 600 ವಿಎ ಯುಪಿಎಸ್ ಇದ್ದರೆ ಅದು ಕೊಡುವುದು 360 ವಾಟ್‌ನಷ್ಟು. ಗ್ರಾಫಿಕ್ಸ್ ಕಾರ್ಡ್ ದುಡಿಯುವಾಗ ಕರೆಂಟ್ ಹೋದರೆ ಅದು ಕೀಂ ಎಂದು ಕೂಗಿ ಕೈಚೆಲ್ಲುತ್ತದೆ. 1100 ವಿಎಯದು ಕೊಳ್ಳಿ, ಸುಮಾರು 660 ವಾಟ್ ಸಿಗುತ್ತದೆ, ಫೈಲ್ ಉಳಿಸಿ ಬಂದ್ ಮಾಡಲು ಬೇಕಾದಷ್ಟು ಹೊತ್ತು. ಜೊತೆಗೆ ಎರಡು ದೊಡ್ಡ ಎಕ್ಸ್‌ಟರ್ನಲ್ ಡಿಸ್ಕ್. ಮದುವೆಯಿಂದ ಬಂದ ರಾತ್ರಿಯೇ ಮೆಮೊರಿ ಕಾರ್ಡುಗಳು ಕಂಪ್ಯೂಟರಿಗೂ ಒಂದು ಡಿಸ್ಕಿಗೂ ನಕಲಾಗಲಿ, ಮರುದಿನ ಎರಡನೇ ಡಿಸ್ಕಿಗೆ. ಆ ಎರಡನೆಯದು ಸ್ಟುಡಿಯೊದಲ್ಲಿರಬಾರದು, ಮನೆಯ ಬೀರುವಿನಲ್ಲಿರಲಿ. ಆಲ್ಬಂ ಕೈಗೆ ಕೊಟ್ಟು ರಶೀದಿ ಹರಿಯುವ ತನಕ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಡಿ. ಮನೆಯಾಕೆಯವರಿಗೆ ಈ ವ್ಯವಸ್ಥೆಯನ್ನು ತೋರಿಸಿ. ಅವರ ಹೆದರಿಕೆ ಅಸೆಂಬಲ್ಡ್ ಎಂಬ ಪದದ ಮೇಲಿನದಲ್ಲ, ಆ ಮನೆಯವರ ಮುಂದೆ ನೀವು ತಲೆತಗ್ಗಿಸಿ ನಿಂತದ್ದನ್ನು ಕಂಡದ್ದರಿಂದ ಬಂದದ್ದು.

ಕೊಳ್ಳುವ ಕೆಲಸವನ್ನು ಆಷಾಢಕ್ಕೆ ಇಟ್ಟುಕೊಳ್ಳಿ, ತಪ್ಪಿದರೆ ಧನುರ್ಮಾಸಕ್ಕೆ. ಮದುವೆಗಳಿಲ್ಲದ ಆ ಒಂದು ತಿಂಗಳು ಹೊಸ ಯಂತ್ರವನ್ನು ಹಿಂಡಿ ನೋಡಲು ಸಾಕು. ಹಳೆಯ ವಿಡಿಯೊಗಳನ್ನು ಹಾಕಿ ರಾತ್ರಿಯಿಡೀ ಎಕ್ಸ್‌ಪೋರ್ಟ್ ಮಾಡಿಸಿ. ಕೆಡುವ ಭಾಗ ಸಾಮಾನ್ಯವಾಗಿ ಮೊದಲ ವಾರಗಳಲ್ಲೇ ಕೆಡುತ್ತದೆ, ಆಗ ಅಂಗಡಿಯವರೂ ಎರಡು ಮಾತಿಲ್ಲದೆ ಬದಲಿಸಿಕೊಡುತ್ತಾರೆ. 2017ರ ಯಂತ್ರವನ್ನು ಗುಜರಿಗೆ ಹಾಕಬೇಡಿ. ಅದಕ್ಕೆ ವಿಂಡೋಸ್ 11 ಒಗ್ಗುವುದಿಲ್ಲ, ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದ್ದರಿಂದ ಇಂಟರ್‌ನೆಟ್ ತಂತಿ ಕಿತ್ತು, ಒಂದು ಒಳ್ಳೆಯ ಎಸ್‌ಎಂಪಿಎಸ್ ಹಾಕಿಸಿ, ಮೂಲೆಯಲ್ಲಿ ಇಟ್ಟಿರಿ. ಹೊಸದು ಸರ್ವೀಸಿಗೆ ಹೋದ ವಾರ ಆಲ್ಬಂ ವಿನ್ಯಾಸದ ಕೆಲಸ ಅದರ ಮೇಲೆ ನಡೆಯುತ್ತದೆ. ಆ ಎಸ್‌ಎಂಪಿಎಸ್ ಮಾಮೂಲಿ ಅಳತೆಯದೇ ಆಗಿರುವುದರಿಂದ, ಹೊಸ ಅಸೆಂಬಲ್ಡ್ ಯಂತ್ರದ ಎಸ್‌ಎಂಪಿಎಸ್ ನಡುರಾತ್ರಿ ಕೈಕೊಟ್ಟರೆ ಅಕ್ಕನ ಮಗ ಇದನ್ನು ಬಿಚ್ಚಿ ಅದಕ್ಕೆ ಹಾಕಿಕೊಡಬಹುದು.